ಘಾಟಿ ಇಳಿದು ದ್ವೀಪಕ್ಕೆ ಹೊರಡುವ ಮುನ್ನ

ಕಾಫಿ ಕೊಯ್ಲು ಮುಗಿದಿದೆ, ಒಣಗಿದ ಹಣ್ಣು ಮೂಟೆ ಸೇರಿದೆ, ಮಕ್ಕಳ ಪರೀಕ್ಷೆಯೂ ಇನ್ನೇನು ಮುಗಿಯಲಿದೆ. ಈ ಹೊತ್ತಿಗೆ ಕಳಸ, ಮೂಡಿಗೆರೆ, ಕೊಟ್ಟಿಗೆಹಾರ, ಬಾಳೆಹೊನ್ನೂರಿನ ಕಡೆಯ ನಮ್ಮ ಮನೆಗಳಲ್ಲಿ ಒಂದು ಮಾತು ಏಳುತ್ತದೆ: ‘ಒಂದು ದಿನ ಸಮುದ್ರ ನೋಡಿ ಬರೋಣ, ದ್ವೀಪಕ್ಕೂ ಹೋಗೋಣ.’ ಅಣ್ಣ ತಮ್ಮಂದಿರ ಎರಡು ಮೂರು ಕುಟುಂಬಗಳು ಸೇರಿ ಒಂದು ಟೆಂಪೋ ಟ್ರಾವೆಲರ್ ಗೊತ್ತು ಮಾಡುತ್ತವೆ. ಬಿರಿಯಾನಿ ಯಾರು ಮಾಡುವುದು, ಚಾಪೆ ಯಾರು ತರುವುದು, ಮಕ್ಕಳಿಗೆ ಎಷ್ಟು ಜೊತೆ ಬಟ್ಟೆ ಎಂಬುದೆಲ್ಲ ಹಿಂದಿನ ರಾತ್ರಿಯೇ ನಿಗದಿಯಾಗುತ್ತದೆ. ತೀರ್ಮಾನವಾಗದೆ ಉಳಿಯುವುದು ನೀರಿನ ವಿಷಯ ಮಾತ್ರ. ‘ದಾರಿಯಲ್ಲಿ ಬಾಟಲಿ ತಗೊಂಡ್ರಾಯ್ತು’ ಎಂದು ಅದನ್ನು ಬಿಟ್ಟುಬಿಡುತ್ತಾರೆ.

ಈ ಲೇಖನ ಮುಖ್ಯವಾಗಿ ಆ ನೀರಿನ ಬಗ್ಗೆಯೇ. ದ್ವೀಪಕ್ಕೆ ಹೋದವರು ಅಲೆಗೆ ಹೆದರುತ್ತಾರೆ, ಹೆದರಬೇಕಾದದ್ದೂ ಸರಿ. ಆದರೆ ಗುಡ್ಡದಿಂದ ಇಳಿದು ಹೋಗುವ ನಮ್ಮಂಥವರಲ್ಲಿ ಹೆಚ್ಚು ಮಂದಿಯನ್ನು ಮಲಗಿಸುವುದು ಬಿಸಿಲು, ಬೆವರು ಮತ್ತು ಕುಡಿಯದೆ ಉಳಿದ ನೀರು. ಅದರಲ್ಲೂ ಹೆಂಗಸರನ್ನು ಮತ್ತು ವಯಸ್ಸಾದವರನ್ನು.

ಯಾವ ದ್ವೀಪ?

ಇತ್ತೀಚೆಗೆ ಎಲ್ಲರ ಬಾಯಲ್ಲೂ ಲಕ್ಷದ್ವೀಪ. ನಮಗೆ ಅದು ಪರಕೀಯವೂ ಅಲ್ಲ. ಅಮಿನಿ, ಕಡಮತ್, ಕಿಲ್ತಾನ್, ಚೆತ್ಲಾತ್, ಬಿತ್ರ ದ್ವೀಪಗಳು 1956ರವರೆಗೆ ಮಂಗಳೂರು ಕೇಂದ್ರವಾಗಿದ್ದ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದವು. ಅಲ್ಲಿಯ ಜನರಲ್ಲಿ ನೂರಕ್ಕೆ 96ಕ್ಕೂ ಹೆಚ್ಚು ಮಂದಿ ಮುಸ್ಲಿಮರು. ಹಲಾಲ್ ಊಟಕ್ಕೆ, ನಮಾಝಿನ ಜಾಗಕ್ಕೆ ಹುಡುಕಾಡಬೇಕಿಲ್ಲ. ಆದರೆ ಅದು ಒಂದೆರಡು ದಿನದ ಪ್ರವಾಸವಲ್ಲ. ಮೊದಲೇ ಪ್ರವೇಶ ಪರವಾನಗಿ ಪಡೆಯಬೇಕು, ಕೊಚ್ಚಿಗೆ ಹೋಗಬೇಕು, ಅಲ್ಲಿಂದ ಹಡಗಿನಲ್ಲಿ ಒಂದು ರಾತ್ರಿಯನ್ನಾದರೂ ಕಳೆಯಬೇಕು ಅಥವಾ ಅಗತ್ತಿಗೆ ವಿಮಾನ ಹತ್ತಬೇಕು. ಕಾಯಿಲೆ ಗಂಭೀರವಾದರೆ ರೋಗಿಯನ್ನು ಹೆಲಿಕಾಪ್ಟರ್‌ನಲ್ಲಿ ಕೊಚ್ಚಿಗೆ ಸಾಗಿಸುವ ಜಾಗ ಅದು. ತುಂಬು ಗರ್ಭಿಣಿಯರು, ಹೃದಯದ ತೊಂದರೆ ಇರುವವರು, ಡಯಾಲಿಸಿಸ್ ಮಾಡಿಸಿಕೊಳ್ಳುವವರು ವೈದ್ಯರನ್ನು ಕೇಳದೆ ಅತ್ತ ಹೊರಡಬಾರದು.

ನಮ್ಮ ಬೆಟ್ಟಗಳಿಂದ ಬೆಳಿಗ್ಗೆ ಹೋಗಿ ರಾತ್ರಿ ಮರಳಬಹುದಾದ ದ್ವೀಪ ಉಡುಪಿ ಮಲ್ಪೆಯ ಸೇಂಟ್ ಮೇರೀಸ್. ಮಲ್ಪೆ ಬಂದರಿನಿಂದ ಸಮುದ್ರದೊಳಗೆ ಸುಮಾರು 6 ಕಿಲೋಮೀಟರ್, ದೋಣಿಯಲ್ಲಿ ಅರ್ಧ ಗಂಟೆಯ ಹಾದಿ. ಸ್ಥಳೀಯರು ತೋನ್ಸೆಪಾರ್ ಎಂದೂ ಕರೆಯುತ್ತಾರೆ. ಇಡೀ ಸಾಲಿನಲ್ಲಿ ನಾಲ್ಕು ಮುಖ್ಯ ದ್ವೀಪಗಳಿದ್ದು, ಪ್ರವಾಸಿಗರು ಹೋಗುವುದು ತೆಂಗಿನ ಮರಗಳಿರುವ ಒಂದಕ್ಕೆ. ಅಲ್ಲಿಯ ಕಲ್ಲುಗಳು ಯಾರೋ ಕೆತ್ತಿ ನಿಲ್ಲಿಸಿದ ಕಂಬಗಳಂತೆ, ಜೇನುಗೂಡಿನ ಹಾಗೆ ಐದಾರು ಮೂಲೆಗಳಲ್ಲಿ ಒತ್ತಾಗಿ ನಿಂತಿವೆ. ಸುಮಾರು 8.8 ಕೋಟಿ ವರ್ಷಗಳ ಹಿಂದೆ ಮಡಗಾಸ್ಕರ್ ಭಾರತದಿಂದ ಬೇರೆಯಾಗುತ್ತಿದ್ದಾಗ ಉಕ್ಕಿದ ಲಾವಾ ತಣ್ಣಗಾಗಿ ಬಿರುಕು ಬಿಟ್ಟು ಆದ ಕಲ್ಲುಗಳಿವು. 1979ರಲ್ಲಿ ಇದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಘೋಷಿಸಿದರು. ಮಕ್ಕಳಿಗೆ ಇಷ್ಟನ್ನು ಹೇಳಿ ಕರೆದುಕೊಂಡು ಹೋಗಿ, ಬರೀ ಸೆಲ್ಫಿಯಲ್ಲಿ ಮುಗಿಯದಿರಲಿ.

ನೆನಪಿಡಬೇಕಾದ್ದು ಇನ್ನೊಂದು. ಆ ದ್ವೀಪದಲ್ಲಿ ಜನವಸತಿ ಇಲ್ಲ, ರಾತ್ರಿ ಉಳಿಯುವಂತಿಲ್ಲ, ಕುಡಿಯುವ ನೀರಿನ ಸೆಲೆ ಇಲ್ಲ. ತೆಂಗಿನ ಮರದ ನೆರಳು ಇದೆಯಾದರೂ ನಮ್ಮ ತೋಟದ ಸಿಲ್ವರ್ ಓಕ್, ಹಲಸು, ಅತ್ತಿ ಮರಗಳ ದಟ್ಟ ನೆರಳಿಗೂ ಅದಕ್ಕೂ ಹೋಲಿಕೆಯೇ ಇಲ್ಲ.

ಯಾವಾಗ?

ಮಳೆಗಾಲದಲ್ಲಿ, ಸಾಮಾನ್ಯವಾಗಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ, ದ್ವೀಪಕ್ಕೆ ದೋಣಿ ಬಿಡುವುದಿಲ್ಲ. ಮಳೆ ಬೇಗ ಬಂದರೆ ಮೇ ಕೊನೆಯಲ್ಲೇ ನಿಲ್ಲಿಸುವುದೂ ಉಂಟು. ಗಾಳಿ ಜೋರಿದ್ದ ದಿನವೂ ಬಿಡುವುದಿಲ್ಲ. ಹಾಗಾಗಿ ಹೊರಡುವ ಮುನ್ನಾ ದಿನ ಫೋನ್ ಮಾಡಿ ಕೇಳಿಕೊಳ್ಳಿ.

ನಿಜ ಹೇಳಬೇಕೆಂದರೆ ಒಳ್ಳೆಯ ಕಾಲ ಡಿಸೆಂಬರ್, ಜನವರಿ. ಆದರೆ ಆಗ ನಮ್ಮಲ್ಲಿ ಕೊಯ್ಲು, ತೋಟದಲ್ಲಿ ದುಡಿಯುವವರಿಗೂ ರೈಟರಿಗೂ ಬಿಡುವಿಲ್ಲ. ಹೀಗಾಗಿ ಹೆಚ್ಚಿನ ಕುಟುಂಬಗಳು ಹೊರಡುವುದು ಮಾರ್ಚ್‌ನಿಂದ ಮೇವರೆಗಿನ ಕೆಟ್ಟ ಸೆಕೆಯಲ್ಲಿ ಅಥವಾ ಈದ್‌ನ ಮರುದಿನದ ಜನಜಂಗುಳಿಯಲ್ಲಿ. ಸಾಧ್ಯವಾದರೆ ಈದ್ ಕಳೆದು ಒಂದು ವಾರ ಬಿಟ್ಟು, ವಾರದ ನಡುವಿನ ದಿನ ಆರಿಸಿಕೊಳ್ಳಿ. ದೋಣಿಗಾಗಿ ಬಿಸಿಲಿನಲ್ಲಿ ಒಂದೂವರೆ ಗಂಟೆ ಕಾಯುವುದು ತಪ್ಪುತ್ತದೆ.

ಈದುಲ್ ಫಿತ್ರ್ ನಂತರ ನಮ್ಮ ಅನೇಕ ತಾಯಂದಿರು ಶವ್ವಾಲ್ ತಿಂಗಳ ಆರು ಉಪವಾಸ ಹಿಡಿಯುತ್ತಾರೆ. ಪ್ರವಾಸವೂ ಆ ದಿನಗಳಲ್ಲೇ ಬೀಳುತ್ತದೆ. ‘ಒಂದು ದಿನ ತಾನೆ, ತಡೆದುಕೊಳ್ಳುತ್ತೇನೆ’ ಎಂದು ಉಪವಾಸದಲ್ಲೇ ದ್ವೀಪಕ್ಕೆ ಬರುವವರಿದ್ದಾರೆ. ಆ ಆರು ಉಪವಾಸಗಳನ್ನು ತಿಂಗಳೊಳಗೆ ಯಾವ ದಿನ ಬೇಕಾದರೂ ಹಿಡಿಯಬಹುದು. ದ್ವೀಪದ ದಿನ ಬೇಡ. ಮನೆಯ ಗಂಡಸರು ಇದನ್ನು ಮೊದಲೇ ಮಾತಾಡಿ ದಿನ ಗೊತ್ತು ಮಾಡಿದರೆ ಅವರಿಗೆ ಉಪಕಾರ.

ಘಾಟಿಯಲ್ಲಿ ವಾಂತಿ

ಕಳಸದವರು ಕುದುರೆಮುಖ, ಎಸ್.ಕೆ. ಬಾರ್ಡರ್, ಬಜಗೋಳಿ, ಕಾರ್ಕಳ ಮಾರ್ಗವಾಗಿ ಇಳಿಯುತ್ತಾರೆ. ಮೂಡಿಗೆರೆಯವರಿಗೆ ಕೊಟ್ಟಿಗೆಹಾರ, ಚಾರ್ಮಾಡಿ, ಉಜಿರೆ, ಗುರುವಾಯನಕೆರೆ, ಕಾರ್ಕಳ. ಬಾಳೆಹೊನ್ನೂರು ಕಡೆಯವರಿಗೆ ಶೃಂಗೇರಿ, ಆಗುಂಬೆ, ಹೆಬ್ರಿ. ಯಾವ ದಾರಿಯಾದರೂ ತಿರುವು ತಪ್ಪಿದ್ದಲ್ಲ. ಕೊಟ್ಟಿಗೆಹಾರದಲ್ಲಿ ಹೊಟ್ಟೆ ತುಂಬಾ ನೀರುದೋಸೆ ತಿಂದು ಚಾರ್ಮಾಡಿ ಇಳಿಯುವವರು ಬಹಳ. ತಿನ್ನಬೇಡಿ ಎನ್ನಲಾರೆ, ಎರಡಕ್ಕೆ ನಿಲ್ಲಿಸಿ ಎನ್ನುತ್ತೇನೆ. ಉಳಿದದ್ದನ್ನು ಉಜಿರೆಯಲ್ಲಿ ತಿನ್ನಿ.

ವಾಂತಿಯನ್ನು ನಾವು ತಮಾಷೆಯ ವಿಷಯ ಮಾಡಿಬಿಟ್ಟಿದ್ದೇವೆ. ಆದರೆ ಘಾಟಿಯಲ್ಲಿ ಮೂರು ಸಲ ವಾಂತಿ ಮಾಡಿದ ಮಗು ಮಲ್ಪೆ ತಲುಪುವಾಗಲೇ ಅರ್ಧ ಬಾಡಿರುತ್ತದೆ. ಅದೇ ಮಗುವನ್ನು ಮತ್ತೆ ದೋಣಿಗೆ ಹತ್ತಿಸುತ್ತೇವೆ. ಬಿಸಿಲಿನ ತೊಂದರೆ ಶುರುವಾಗುವುದು ಅಂಥವರಲ್ಲೇ. ಆದ್ದರಿಂದ ವಾಂತಿ ಬರುವವರನ್ನು ಮುಂದಿನ ಸೀಟಿನಲ್ಲಿ ಕೂರಿಸಿ, ಕಿಟಕಿ ತೆರೆದಿರಲಿ, ಮೊಬೈಲ್ ನೋಡುವುದು ಬೇಡ, ದೂರದ ಗುಡ್ಡದ ಕಡೆ ದೃಷ್ಟಿ ಇರಲಿ. ಶುಂಠಿ ಚೂರು ಕೆಲವರಿಗೆ ಹಿಡಿಸುತ್ತದೆ. ಅವೋಮಿನ್‌ನಂಥ ಮಾತ್ರೆಯನ್ನು ವಾಂತಿ ಶುರುವಾದ ಮೇಲೆ ನುಂಗಿದರೆ ಹೊರಗೆ ಬಂದೇ ಬರುತ್ತದೆ. ಘಾಟಿಗೆ ಅರ್ಧ ಗಂಟೆಯಿಂದ ಒಂದು ಗಂಟೆ ಮೊದಲು ತೆಗೆದುಕೊಳ್ಳಬೇಕು. ಎರಡು ವರ್ಷದೊಳಗಿನ ಮಕ್ಕಳಿಗೆ ಅದನ್ನು ಕೊಡಬಾರದು. ದೊಡ್ಡ ಮಕ್ಕಳಿಗೆ ಎಷ್ಟು ಎಂಬುದನ್ನು ವೈದ್ಯರಲ್ಲಿ ಕೇಳಿ. ಅದು ನಿದ್ದೆ ತರಿಸುವ ಮಾತ್ರೆ, ವಾಹನ ಓಡಿಸುವವರಂತೂ ಮುಟ್ಟಲೇಬಾರದು. ವಾಂತಿಯಾದ ಮೇಲೆ ಹತ್ತು ನಿಮಿಷ ಬಿಟ್ಟು ಒಂದೊಂದೇ ಗುಟುಕು ಓಆರ್‌ಎಸ್ ನೀರು ಕೊಡಿ.

ಓಆರ್‌ಎಸ್ ಎಂದಾಗ ಒಂದು ಎಚ್ಚರಿಕೆ. ಓಆರ್‌ಎಸ್ ಎಂಬ ಹೆಸರು ಹೊತ್ತು ಸಿಹಿ ಪಾನೀಯಗಳು ಡಬ್ಬಿಗಳಲ್ಲಿ ಮಾರಾಟವಾಗುತ್ತಿದ್ದವು. 2025ರ ಅಕ್ಟೋಬರ್‌ನಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರವು ಅಂಥ ಪಾನೀಯಗಳ ಹೆಸರಿನಲ್ಲಿ ಓಆರ್‌ಎಸ್ ಪದ ಬಳಸುವುದನ್ನು ನಿಷೇಧಿಸಿತು. ನೀವು ಔಷಧದ ಅಂಗಡಿಯಿಂದ ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದ್ದೆಂದು ಬರೆದಿರುವ ಪುಡಿಯ ಪ್ಯಾಕೆಟ್ ಕೊಳ್ಳಿ. ಒಂದು ಲೀಟರಿನ ಪ್ಯಾಕೆಟ್ಟನ್ನು ಒಂದು ಲೀಟರ್ ನೀರಿಗೇ ಹಾಕಬೇಕು, ಒಂದು ಲೋಟಕ್ಕೆ ಅರ್ಧ ಸುರಿಯಬಾರದು. ಪ್ಯಾಕೆಟ್ ಇಲ್ಲವಾದರೆ ಒಂದು ಲೀಟರ್ ನೀರಿಗೆ ಮಟ್ಟಸವಾಗಿ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು.

ಕಾಡಿನ ನಡುವೆ ಗಾಡಿ ನಿಲ್ಲಿಸಿ ತರಗೆಲೆಯ ಮೇಲೆ ಚಾಪೆ ಹಾಸಿ ತಿಂಡಿ ತಿನ್ನುವ ಅಭ್ಯಾಸವನ್ನೂ ಬಿಡಿ. ಬೇಸಿಗೆ ಎಂದರೆ ಉಣ್ಣೆಯ ಕಾಲ, ಮಂಗನ ಕಾಯಿಲೆಯ ಕಾಲ. ನಮ್ಮ ಜಿಲ್ಲೆಗೆ ಅದು ಹೊಸದಲ್ಲ.

ಕುಡಿಯದ ನೀರು

ಮೂಡಿಗೆರೆ ಸಮುದ್ರ ಮಟ್ಟದಿಂದ 900 ಮೀಟರ್‌ಗೂ ಎತ್ತರದಲ್ಲಿದೆ, ಚಿಕ್ಕಮಗಳೂರು ಸಾವಿರ ಮೀಟರ್ ಮೇಲೆ. ನಮ್ಮ ಮೈ ತಂಪಿಗೆ, ತೋಟದ ನೆರಳಿಗೆ ಒಗ್ಗಿದೆ. ಕರಾವಳಿಯ ಉಷ್ಣಾಂಶ ಅಂಕಿಗಳಲ್ಲಿ ನಮ್ಮದಕ್ಕಿಂತ ಕೆಲವು ಡಿಗ್ರಿ ಮಾತ್ರ ಹೆಚ್ಚಿರಬಹುದು, ತೊಂದರೆ ಇರುವುದು ತೇವದಲ್ಲಿ. ಬೆವರು ಆರಿದರೆ ಮಾತ್ರ ಮೈ ತಣ್ಣಗಾಗುತ್ತದೆ. ಸಮುದ್ರದ ಬಳಿ ಗಾಳಿಯೇ ತೇವವಾಗಿರುವುದರಿಂದ ಬೆವರು ಆರುವುದಿಲ್ಲ, ಸುಮ್ಮನೆ ಹರಿಯುತ್ತದೆ. ನೀರೂ ಉಪ್ಪೂ ಹೋಗುತ್ತವೆ, ತಂಪು ಮಾತ್ರ ಸಿಗುವುದಿಲ್ಲ. ಸೆಕೆಗೆ ಮೈ ಹೊಂದಿಕೊಳ್ಳಲು ಒಂದೆರಡು ವಾರವಾದರೂ ಬೇಕು. ನಾವು ಹೋಗುವುದು ಒಂದು ದಿನಕ್ಕೆ. ಮಲ್ಪೆಯ ಮೀನುಗಾರರು ಬಿಸಿಲಿನಲ್ಲಿ ಆರಾಮವಾಗಿ ಓಡಾಡುವುದನ್ನು ನೋಡಿ ನಾವೂ ಹಾಗೇ ಇರಬಹುದೆಂದುಕೊಳ್ಳಬೇಡಿ.

ಇನ್ನು ಹೆಂಗಸರ ಮಾತು. ಪ್ರವಾಸದ ದಿನ ಬೆಳಗಿನಿಂದಲೇ ನೀರು ಕುಡಿಯುವುದನ್ನು ನಿಲ್ಲಿಸುವವರು ನಮ್ಮ ಪ್ರತಿಯೊಂದು ಮನೆಯಲ್ಲೂ ಇದ್ದಾರೆ. ಉಮ್ಮಾ ಎನ್ನಿ, ಅಮ್ಮೀ ಎನ್ನಿ, ಹೊಸದಾಗಿ ಬಂದ ಸೊಸೆ ಎನ್ನಿ. ಕಾರಣ ಎಲ್ಲರಿಗೂ ಗೊತ್ತು, ಯಾರೂ ಬಾಯಿ ಬಿಡುವುದಿಲ್ಲ: ದಾರಿಯಲ್ಲಿ ಶೌಚಾಲಯ ಎಲ್ಲಿದೆ, ಗಾಡಿ ನಿಲ್ಲಿಸಿ ಎಂದು ಮೈದುನನ ಮುಂದೆ, ಮಾವನ ಮುಂದೆ, ಪರಿಚಯವಿಲ್ಲದ ಡ್ರೈವರನ ಮುಂದೆ ಹೇಗೆ ಹೇಳುವುದು? ಹೀಗೆ ಬೆಳಿಗ್ಗೆ ಐದಕ್ಕೆ ಒಂದು ಲೋಟ ಚಹಾ ಕುಡಿದವರು ಮಧ್ಯಾಹ್ನ ಒಂದರ ತನಕ ಗಂಟಲು ಒದ್ದೆ ಮಾಡುವುದಿಲ್ಲ. ಮೇಲೆ ಕಪ್ಪು ಬುರ್ಖಾ, ಸುತ್ತ ಬಿಸಿಲು, ಕಂಕುಳಲ್ಲಿ ಮಗು. ದ್ವೀಪದಲ್ಲಿ ತಲೆ ಸುತ್ತಿ ಕೂರುವವರು ಇವರೇ. ಅಲ್ಲಿ ಏನೂ ಆಗದಿದ್ದರೂ ಎರಡು ದಿನ ಕಳೆದು ಮೂತ್ರದಲ್ಲಿ ಉರಿ, ಚಳಿಜ್ವರ, ಸೊಂಟದ ಪಕ್ಕದಲ್ಲಿ ನೋವು ಶುರುವಾಗುತ್ತದೆ. ಗರ್ಭಿಣಿಯರಲ್ಲಿ ಮೂತ್ರದ ಸೋಂಕು ಮೂತ್ರಪಿಂಡಕ್ಕೆ ಬೇಗ ಏರುತ್ತದೆ, ಅವಧಿಗೆ ಮೊದಲೇ ಹೆರಿಗೆಯಾಗುವ ಅಪಾಯವೂ ಇದೆ.

ಇದಕ್ಕೆ ಮದ್ದು ಬಹಳ ಸುಲಭ. ಹೊರಡುವ ಹಿಂದಿನ ರಾತ್ರಿಯೇ ಗಂಡಸರು ಡ್ರೈವರನಿಗೆ ಹೇಳಿಬಿಡಲಿ: ಇಂತಿಂಥ ಕಡೆ ಹದಿನೈದು ನಿಮಿಷ ನಿಲ್ಲಿಸಬೇಕು. ಘಾಟಿ ಇಳಿಯುವ ಮೊದಲು ಒಂದು, ಘಾಟಿ ಇಳಿದ ಮೇಲೆ ಬಜಗೋಳಿ ಅಥವಾ ಉಜಿರೆ ಅಥವಾ ಹೆಬ್ರಿಯಲ್ಲಿ ಒಂದು, ಮಲ್ಪೆಯಲ್ಲಿ ದೋಣಿ ಹತ್ತುವ ಮೊದಲು ಕಡ್ಡಾಯವಾಗಿ ಒಂದು. ಯಾರೂ ಕೇಳದಿದ್ದರೂ ನಿಲ್ಲಿಸಬೇಕು. ಕೇಳಿದರೆ ನಿಲ್ಲಿಸುವುದು ಬೇರೆ, ಕೇಳುವ ಮೊದಲೇ ನಿಲ್ಲಿಸುವುದು ಬೇರೆ. ಎರಡನೆಯದರಲ್ಲಿ ಮಾತ್ರ ಮನೆಯ ಹೆಂಗಸರು ಧೈರ್ಯವಾಗಿ ನೀರು ಕುಡಿಯುತ್ತಾರೆ. ಪೆಟ್ರೋಲ್ ಬಂಕ್, ಒಳ್ಳೆಯ ಹೋಟೆಲ್, ಹೆಂಗಸರಿಗೆ ವ್ಯವಸ್ಥೆ ಇರುವ ಮಸೀದಿ, ಯಾವುದು ಅನುಕೂಲವೋ ಅದು. ಒಂದು ಚೊಂಬು, ಸಾಬೂನು, ಟಿಶ್ಯೂ ಕಾಗದ ಚೀಲದಲ್ಲಿರಲಿ. ಮುಟ್ಟಿನ ದಿನವಾದರೆ ಬಳಸಿದ ಪ್ಯಾಡನ್ನು ಕಾಗದದಲ್ಲಿ ಸುತ್ತಿ ಚೀಲದಲ್ಲಿಟ್ಟು ವಾಪಸ್ ತನ್ನಿ, ದ್ವೀಪದಲ್ಲಿ ಎಸೆಯಬೇಡಿ.

ಎಷ್ಟು ನೀರು? ದೊಡ್ಡವರಿಗೆ ಒಬ್ಬರಿಗೆ ದಿನಕ್ಕೆ ಮೂರು ಲೀಟರ್ ಎಂದು ಲೆಕ್ಕ ಹಾಕಿ. ಅದರಲ್ಲಿ ಒಂದು ಲೀಟರ್ ದ್ವೀಪಕ್ಕೆಂದೇ ಕೈಯಲ್ಲಿರಲಿ. ಹತ್ತು ಜನರಿದ್ದರೆ ದೋಣಿಗೆ ಹತ್ತು ಲೀಟರ್, ಹೊರಲು ಇಬ್ಬರು ಗಟ್ಟಿಮುಟ್ಟಾದ ಹುಡುಗರು ಸಾಕು. ಸ್ಟೀಲ್ ಬಾಟಲಿ ಒಳ್ಳೆಯದು, ದ್ವೀಪದಲ್ಲಿ ಪ್ಲಾಸ್ಟಿಕ್ ಕಸವೂ ಉಳಿಯುವುದಿಲ್ಲ. ಬಾಯಾರಿಕೆಗೆ ಕಾಯಬೇಡಿ, ಅರ್ಧ ಗಂಟೆಗೊಮ್ಮೆ ನಾಲ್ಕು ಗುಟುಕು ಕುಡಿಯಿರಿ. ಉಪ್ಪು ಹಾಕಿದ ಗಂಜಿ ತಿಳಿ, ನೀರು ಮಜ್ಜಿಗೆ, ಮಲ್ಪೆಯ ಎಳನೀರು ಎಲ್ಲವೂ ಒಳ್ಳೆಯದೇ. ಬಣ್ಣದ ಸೋಡಾ ಲೆಕ್ಕಕ್ಕಿಲ್ಲ. ಆರು ತಿಂಗಳೊಳಗಿನ ಕೂಸಿಗೆ ನೀರು ಕುಡಿಸಬಾರದು. ಎದೆಹಾಲನ್ನೇ ಹೆಚ್ಚು ಸಲ ಕೊಡಬೇಕು, ನೀರು ತಾಯಿ ಕುಡಿಯಬೇಕು. ಹೃದಯದ ಅಥವಾ ಮೂತ್ರಪಿಂಡದ ಕಾಯಿಲೆಗಾಗಿ ನೀರು ಅಳತೆಯಲ್ಲಿ ಕುಡಿಯುವವರು ತಮ್ಮ ವೈದ್ಯರ ಮಾತನ್ನೇ ಪಾಲಿಸಲಿ, ಅಂಥವರಿಗೆ ಮಲ್ಪೆ ದಡದ ನೆರಳೇ ಸಾಕು.

ಬಟ್ಟೆಯಲ್ಲಿ ಪರ್ದಾಕ್ಕೂ ಆರೋಗ್ಯಕ್ಕೂ ಜಗಳವಿಲ್ಲ. ತೆಳು ಹತ್ತಿಯ, ಸಡಿಲವಾದ, ತಿಳಿ ಬಣ್ಣದ ಬುರ್ಖಾ ಅಥವಾ ದೊಡ್ಡ ಶಾಲು ಬಿಸಿಲಿನಿಂದ ಚರ್ಮವನ್ನೂ ಕಾಯುತ್ತದೆ. ಪಾಲಿಯೆಸ್ಟರ್ ಕಪ್ಪು ಬಟ್ಟೆಯ ಒಳಗೆ ಮತ್ತೆ ದಪ್ಪ ಚೂಡಿದಾರ ಹಾಕಿಕೊಳ್ಳುವುದೇ ಸಮಸ್ಯೆ. ಮಳೆಗಾಲದ ನಮ್ಮ ದೊಡ್ಡ ಕೊಡೆಗಳನ್ನು ಅಟ್ಟದಿಂದ ಇಳಿಸಿ ಗಾಡಿಗೆ ಹಾಕಿ. ಮಲೆನಾಡಿನವರ ಮನೆಯಲ್ಲಿ ಕೊಡೆಗೆ ಬರವೇ?

ಯಾರಾದರೂ ತಲೆನೋವು, ವಾಕರಿಕೆ, ಮೀನಖಂಡ ಹಿಡಿದಂತಾಗುವುದು, ಕಣ್ಣು ಕತ್ತಲೆ ಎಂದರೆ ತಕ್ಷಣ ನೆರಳಿಗೆ ತನ್ನಿ. ನಾಲ್ವರು ಹೆಂಗಸರು ಶಾಲು ಹಿಡಿದು ಮರೆ ಮಾಡಿ ಬುರ್ಖಾ ಸಡಿಲಿಸಿ, ಕುತ್ತಿಗೆ, ಕಂಕುಳಿಗೆ ಒದ್ದೆ ಬಟ್ಟೆ ಇಟ್ಟು ಗಾಳಿ ಬೀಸಿ, ಓಆರ್‌ಎಸ್ ಕುಡಿಸಿ. ಆದರೆ ಮಾತು ತೊದಲುತ್ತಿದ್ದರೆ, ಗೊಂದಲವಾಗಿ ವರ್ತಿಸುತ್ತಿದ್ದರೆ, ಮೈ ಕೆಂಡವಾಗಿದ್ದರೆ ಅದು ಹೀಟ್ ಸ್ಟ್ರೋಕ್. ಜ್ವರದ ಮಾತ್ರೆ ಅದಕ್ಕೆ ಕೆಲಸ ಮಾಡುವುದಿಲ್ಲ. ಪ್ರಜ್ಞೆ ಸರಿಯಿಲ್ಲದವರ ಬಾಯಿಗೆ ನೀರು ಹಾಕಬೇಡಿ. ಮೈ ತುಂಬಾ ನೀರು ಸುರಿಯುತ್ತಲೇ, ದೋಣಿಯವರಿಗೆ ಹೇಳಿ ಮೊದಲ ದೋಣಿಯಲ್ಲೇ ದಡಕ್ಕೆ ತನ್ನಿ. 108ಕ್ಕೆ ದ್ವೀಪದಿಂದಲೇ ಕರೆ ಮಾಡಿದರೆ ಆಂಬುಲೆನ್ಸ್ ಮಲ್ಪೆಯಲ್ಲಿ ಕಾದಿರಲು ಸಾಧ್ಯ. ಉಡುಪಿಯ ಅಜ್ಜರಕಾಡು ಜಿಲ್ಲಾಸ್ಪತ್ರೆ, ಮಣಿಪಾಲದ ಕೆಎಂಸಿ ಎರಡೂ ಹತ್ತಿರದಲ್ಲೇ ಇವೆ.

ಸಕ್ಕರೆ, ಬಿಪಿ ಇರುವವರು

ಇನ್ಸುಲಿನ್ ತೆಗೆದುಕೊಳ್ಳುವವರು ಊಟ ಎದುರಿಗೆ ಬರುವ ಮೊದಲೇ ಚುಚ್ಚಿಕೊಂಡು ದೋಣಿಯ ಸಾಲಿನಲ್ಲಿ ನಿಲ್ಲುವುದು ಅಪಾಯ. ಸಾಲು ಉದ್ದವಾದರೆ ಊಟ ಹಿಂದಾಗುತ್ತದೆ, ಸಕ್ಕರೆ ಕೆಳಗಿಳಿದು ಬೆವರಿ ನಡುಗುತ್ತಾರೆ, ಸುತ್ತಲಿನವರು ಬಿಸಿಲಿನ ಸುಸ್ತು ಎಂದುಕೊಳ್ಳುತ್ತಾರೆ. ಜೇಬಿನಲ್ಲಿ ಗ್ಲೂಕೋಸ್ ಪುಡಿ ಅಥವಾ ನಾಲ್ಕು ಖರ್ಜೂರ ಇರಲಿ. ಇನ್ಸುಲಿನ್ ಶೀಶೆಯನ್ನು ನಿಲ್ಲಿಸಿದ ಗಾಡಿಯಲ್ಲಿ ಬಿಡಬೇಡಿ, ಬಿಸಿಲಿಗೆ ಅದು ಕೆಡುತ್ತದೆ. ಮಂಜುಗಡ್ಡೆಗೆ ನೇರ ತಾಗಿಸಿಯೂ ಇಡಬೇಡಿ. ಒದ್ದೆ ಬಟ್ಟೆ ಸುತ್ತಿದ ಡಬ್ಬಿ ಸಾಕು. ಬರಿಗಾಲಿನಲ್ಲಿ ಮರಳ ಮೇಲೆ ನಡೆಯುವುದು ಸಕ್ಕರೆ ಕಾಯಿಲೆಯವರಿಗಲ್ಲ, ಕಾಲಿನ ಸ್ಪರ್ಶ ಮಂದವಾಗಿದ್ದರೆ ಸುಟ್ಟದ್ದೂ ಗೊತ್ತಾಗದು.

ಬಿಪಿಗಾಗಿ ಮೂತ್ರ ಹೆಚ್ಚಿಸುವ ಮಾತ್ರೆ ತೆಗೆದುಕೊಳ್ಳುವ ಅಜ್ಜ ಅಜ್ಜಿಯರು ಆ ದಿನದ ಬಗ್ಗೆ ವೈದ್ಯರನ್ನು ಮೊದಲೇ ಕೇಳಿಕೊಳ್ಳಲಿ, ತಾವಾಗಿಯೇ ನಿಲ್ಲಿಸಬಾರದು.

ನೀರಿಗಿಳಿಯುವ ಮುನ್ನ

2022ರ ಏಪ್ರಿಲ್‌ನಲ್ಲಿ ಕೇರಳದಿಂದ ಪ್ರವಾಸ ಬಂದಿದ್ದ ಮೂವರು ಎಂಜಿನಿಯರಿಂಗ್ ವಿದ್ಯಾರ್ಥಿಗಳು ಇದೇ ದ್ವೀಪದಲ್ಲಿ ನೀರುಪಾಲಾದರು. ಕಳಸದ ಭದ್ರೆಯಲ್ಲಿ, ಹೇಮಾವತಿಯಲ್ಲಿ ಈಜಿ ಬೆಳೆದ ನಮ್ಮ ಹುಡುಗರಿಗೆ ‘ನನಗೆ ಈಜು ಬರುತ್ತೆ’ ಎಂಬ ಧೈರ್ಯ ಹೆಚ್ಚು. ನದಿಯಲ್ಲಿ ನೀರು ಒಂದೇ ಕಡೆ ಹರಿಯುತ್ತದೆ. ಇಲ್ಲಿ ಅಲೆ ಮುಂದೆ ತಳ್ಳಿ, ಕೆಳಗಿನಿಂದ ಹಿಂದಕ್ಕೆಳೆದು, ಬಂಡೆಗೆ ಅಪ್ಪಳಿಸುತ್ತದೆ. ದ್ವೀಪದ ಬಂಡೆಗಳ ಬದಿಯಲ್ಲಿ ನೀರಿಗಿಳಿಯುವುದೇ ಬೇಡ. ಒದ್ದೆಯಾದ ಕಂಬಗಲ್ಲುಗಳ ಮೇಲೆ ಪಾಚಿ, ಅಂಚಿನಲ್ಲಿ ಚಿಪ್ಪುಗಳು ಬ್ಲೇಡಿನಂತೆ ಇರುತ್ತವೆ. ಹಿಡಿತವಿರುವ ಚಪ್ಪಲಿ ಹಾಕಿಕೊಳ್ಳಿ. ಗಾಯವಾದರೆ ಶುದ್ಧ ನೀರು, ಸಾಬೂನಿನಿಂದ ಚೆನ್ನಾಗಿ ತೊಳೆಯಿರಿ, ಟಿಟಿ ಇಂಜೆಕ್ಷನ್ ಯಾವಾಗ ಹಾಕಿಸಿದ್ದು ಎಂದು ನೆನಪಿಲ್ಲದಿದ್ದರೆ ಆಸ್ಪತ್ರೆಯಲ್ಲಿ ಕೇಳಿ.

ಮಕ್ಕಳು ಆಡುವುದಾದರೆ ಜೀವರಕ್ಷಕರು ಇರುವ ಮಲ್ಪೆ ಕಡಲತೀರದಲ್ಲಿ, ಮೊಣಕಾಲಿನ ತನಕ, ಒಬ್ಬ ಮಗುವಿಗೆ ಒಬ್ಬ ದೊಡ್ಡವರು ಕೈಗೆಟುಕುವಷ್ಟು ಹತ್ತಿರವಿದ್ದು. ‘ಎಲ್ಲರೂ ನೋಡ್ಕೊಳ್ತಿದ್ದಾರೆ’ ಎಂದಾಗ ಯಾರೂ ನೋಡುತ್ತಿರುವುದಿಲ್ಲ. ಬುರ್ಖಾ ಹಾಕಿ ಸೊಂಟದ ನೀರಿಗೆ ಇಳಿಯಬೇಡಿ. ಒದ್ದೆಯಾದ ಬಟ್ಟೆಯ ಭಾರಕ್ಕೆ ಬಿದ್ದವರು ಏಳಲಾರರು. ದೋಣಿ ಹತ್ತಿ ಇಳಿಯುವಾಗಲೂ ಅಂಚನ್ನು ಎತ್ತಿ ಹಿಡಿಯಿರಿ, ಮಗುವನ್ನು ಮೊದಲು ಇನ್ನೊಬ್ಬರ ಕೈಗೆ ಕೊಡಿ. ಜೀವರಕ್ಷಕ ಜಾಕೆಟ್ ಇಲ್ಲದೆ ದೋಣಿ ಹತ್ತಬೇಡಿ. ಮಕ್ಕಳ ಅಳತೆಯದನ್ನು ಕೇಳಿ ಪಡೆಯಿರಿ.

ಯಾರಾದರೂ ಮುಳುಗುತ್ತಿದ್ದರೆ ಹಾರಬೇಡಿ. ಹಗ್ಗ, ಗಂಟು ಹಾಕಿದ ಶಾಲುಗಳು, ಖಾಲಿ ಕ್ಯಾನ್ ಎಸೆಯಿರಿ. ಹೊರತೆಗೆದವರನ್ನು ತಲೆಕೆಳಗೆ ಮಾಡಿ ನೀರು ಹಿಂಡುವುದು, ಹೊಟ್ಟೆ ಒತ್ತುವುದು ತಪ್ಪು. ಉಸಿರಾಡದಿದ್ದರೆ ಬಾಯಿಗೆ ಬಾಯಿಟ್ಟು ಉಸಿರು ಕೊಡಬೇಕು, ಎದೆ ಒತ್ತಬೇಕು. ಎಚ್ಚರವಾದರೂ ಆಸ್ಪತ್ರೆಗೆ ಕರೆದೊಯ್ಯಲೇಬೇಕು.

ಜೆಲ್ಲಿಫಿಶ್ ತಾಗಿ ಉರಿ ಬಂದರೆ ಉಜ್ಜಬೇಡಿ, ಬಾಟಲಿಯ ಸಿಹಿನೀರು ಹಾಕಬೇಡಿ. ಸಮುದ್ರದ ನೀರಿನಿಂದಲೇ ತೊಳೆದು, ಅಂಟಿದ ಎಳೆಗಳನ್ನು ಕಾರ್ಡಿನ ಅಂಚಿನಿಂದ ತೆಗೆದು, ದಡಕ್ಕೆ ಬಂದ ಮೇಲೆ ತಾಳಿಕೊಳ್ಳುವಷ್ಟು ಬಿಸಿನೀರಿನಲ್ಲಿ ಇಪ್ಪತ್ತು ನಿಮಿಷ ಅದ್ದಿ. ಉಸಿರು ಕಟ್ಟಿದಂತಾದರೆ ಕೂಡಲೇ ಆಸ್ಪತ್ರೆ.

ವುಝೂ ಮತ್ತು ಕುಡಿಯುವ ನೀರು

ದ್ವೀಪದಲ್ಲಿ ಝುಹ್ರ್ ಹೊತ್ತಾದರೆ ಕೈಯಲ್ಲಿರುವ ಕುಡಿಯುವ ನೀರಿನಿಂದಲೇ ಎಲ್ಲರೂ ವುಝೂ ಮಾಡಿ ಬಾಟಲಿ ಖಾಲಿ ಮಾಡುವುದುಂಟು. ಇದು ಬೇಕಿಲ್ಲ. ಸಮುದ್ರದಲ್ಲಿ ಪ್ರಯಾಣಿಸುತ್ತಿದ್ದವರು, ನಮ್ಮ ಬಳಿ ಇರುವುದು ಅಲ್ಪ ನೀರು, ಅದರಿಂದ ವುಝೂ ಮಾಡಿದರೆ ಬಾಯಾರುತ್ತೇವೆ, ಸಮುದ್ರದ ನೀರಿನಿಂದ ಮಾಡಬಹುದೇ ಎಂದು ಇದೇ ಪ್ರಶ್ನೆಯನ್ನು ಪ್ರವಾದಿಯವರ (ಸ) ಮುಂದಿಟ್ಟಿದ್ದರು. ಸಮುದ್ರದ ನೀರು ಶುದ್ಧವೆಂಬ ಉತ್ತರ ಅವರಿಗೆ ಸಿಕ್ಕಿತು. ಅಲೆ ಶಾಂತವಾಗಿರುವ ಮರಳಿನ ಬದಿಯಲ್ಲಿ ಒಂದು ಬಕೆಟ್ ಸಮುದ್ರದ ನೀರು ತುಂಬಿ ದೂರ ತಂದು ವುಝೂ ಮಾಡಿ, ಬಂಡೆಯ ತುದಿಯಲ್ಲಿ ಬಗ್ಗಬೇಡಿ. ಕಸ್ರ್, ಜಮ್ಅ್ ಬಗ್ಗೆ ಶಾಫಿಈ, ಹನಫಿ ಮದ್ಹಬ್‌ಗಳಲ್ಲಿ ವ್ಯತ್ಯಾಸವಿದೆ. ನಿಮ್ಮೂರಿನಿಂದ ಮಲ್ಪೆಯ ದೂರ ಹೇಳಿ ನಿಮ್ಮ ಉಸ್ತಾದರಲ್ಲಿ ಮೊದಲೇ ಕೇಳಿಕೊಂಡರೆ ದಿನದ ವೇಳಾಪಟ್ಟಿ ಸಲೀಸಾಗುತ್ತದೆ.

ಬಿರಿಯಾನಿ ಹೋಗುವಾಗ, ಮೀನು ಬರುವಾಗ

ರಾತ್ರಿ ಎರಡಕ್ಕೆ ಎದ್ದು ಬಿರಿಯಾನಿ ದಮ್ ಮಾಡಿ, ಪಾತ್ರೆಗೆ ಬಟ್ಟೆ ಕಟ್ಟಿ, ಮಧ್ಯಾಹ್ನ ಎರಡಕ್ಕೆ ಬಿಚ್ಚುತ್ತೇವೆ. ಹನ್ನೆರಡು ಗಂಟೆ! ಉಗುರುಬೆಚ್ಚಗಿನ ಅನ್ನದಲ್ಲಿ, ಮಾಂಸದಲ್ಲಿ ರೋಗಾಣು ಬೆಳೆಯಲು ಇದಕ್ಕಿಂತ ಒಳ್ಳೆಯ ಏರ್ಪಾಡಿಲ್ಲ. ಅನ್ನದಲ್ಲಿ ಬೆಳೆಯುವ ಒಂದು ಬಗೆಯ ರೋಗಾಣುವಿನ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ಬೇಯಿಸಿದ ಊಟ ಸೆಕೆಯಲ್ಲಿ ಎರಡು ಗಂಟೆಗಿಂತ ಹೆಚ್ಚು ಹೊತ್ತು ಇರಬಾರದು. ಕೈಯಲ್ಲಿ ಒಯ್ಯುವುದಾದರೆ ಅಕ್ಕಿ ರೊಟ್ಟಿ, ಚಪಾತಿ, ತೇವವಿಲ್ಲದ ಚಟ್ನಿಪುಡಿ, ಬಾಳೆಹಣ್ಣು, ಖರ್ಜೂರ, ಕಡಲೆಬೀಜ. ಕಾಯಿಚಟ್ನಿ ಬೇಡ. ಬಿಸಿ ಊಟವನ್ನು ಮಲ್ಪೆ ಅಥವಾ ಉಡುಪಿಯ ಹಲಾಲ್ ಹೋಟೆಲಿನಲ್ಲಿ ಮಾಡಿ. ಬಿರಿಯಾನಿಯನ್ನು ಮರುದಿನ ಮನೆಯಲ್ಲೇ ಮಾಡಿದರಾಯಿತು.

ಮಲ್ಪೆಗೆ ಹೋಗಿ ಮೀನು ತರದೆ ಬರುವ ಮಲೆನಾಡಿನವರು ಕಡಿಮೆ. ಪ್ಲಾಸ್ಟಿಕ್ ಚೀಲದಲ್ಲಿ ಬಂಗುಡೆ ಕಟ್ಟಿ ಸೀಟಿನ ಕೆಳಗಿಟ್ಟು ಮೂರು ನಾಲ್ಕು ಗಂಟೆ ಘಾಟಿ ಹತ್ತಿ ಬಂದರೆ ಮೀನಿನೊಳಗೆ ಹಿಸ್ಟಮಿನ್ ಎಂಬ ವಸ್ತು ಬೆಳೆದಿರುತ್ತದೆ. ಬಂಗುಡೆ, ಭೂತಾಯಿ, ಕೇದಾರದಂಥ ಮೀನುಗಳಲ್ಲಿ ಇದು ಹೆಚ್ಚು. ತಿಂದ ಅರ್ಧ ಗಂಟೆಯಲ್ಲಿ ಮುಖ ಕೆಂಪಾಗಿ, ಮೈ ತುರಿಸಿ, ತಲೆ ಸಿಡಿದು, ಎದೆ ಹೊಡೆದುಕೊಳ್ಳುತ್ತದೆ. ಎಷ್ಟು ಹುರಿದರೂ, ಎಷ್ಟು ಮಸಾಲೆ ಹಚ್ಚಿದರೂ ಅದು ನಾಶವಾಗದು. ಮೀನು ಕೊಳ್ಳುವುದು ಕೊನೆಯ ಕೆಲಸವಾಗಲಿ, ದ್ವೀಪಕ್ಕೆ ಹೋಗುವ ಮೊದಲಲ್ಲ. ಥರ್ಮೊಕೋಲ್ ಪೆಟ್ಟಿಗೆಯಲ್ಲಿ ಮೀನಿನಷ್ಟೇ ತೂಕದ ಮಂಜುಗಡ್ಡೆ ಹಾಕಿಸಿ, ಕರಗಿದ ನೀರನ್ನು ಕಾರ್ಕಳದಲ್ಲಿ ಚೆಲ್ಲಿ ಬೇಕಾದರೆ ಮತ್ತೆ ಮಂಜು ತುಂಬಿಸಿ. ಮನೆಗೆ ಬಂದು ಎಷ್ಟು ಸುಸ್ತಾಗಿದ್ದರೂ ಮೀನನ್ನು ಫ್ರಿಜ್ಜಿಗೆ ಹಾಕದೆ ಮಲಗಬೇಡಿ.

ವಾಪಸ್ ಬಂದ ಮೇಲೆ ಜ್ವರ

ಒಂದೆರಡು ದಿನ ಮೈಕೈ ನೋವು, ಮುಖ ಸುಟ್ಟಂತಾಗುವುದು ಸಹಜ. ಆದರೆ ನಂತರದ ಎರಡು ಮೂರು ವಾರಗಳಲ್ಲಿ ಜ್ವರ ಬಂದರೆ ‘ಸಮುದ್ರದ ಗಾಳಿ ಹಿಡಿಸಲಿಲ್ಲ’ ಎಂದು ಮಾತ್ರೆ ನುಂಗಿ ಮಲಗಬೇಡಿ. ಕರಾವಳಿಯ ಸೊಳ್ಳೆ ಕಚ್ಚಿದ ಮಲೇರಿಯಾ ಕಾಣಿಸಿಕೊಳ್ಳಲು ಹತ್ತು ಹದಿನೈದು ದಿನ ಬೇಕಾಗುತ್ತದೆ. ಅದೇ ನಮ್ಮ ಕಾಡಿನ ಉಣ್ಣೆಯಿಂದ ಬರುವ ಮಂಗನ ಕಾಯಿಲೆ ಮೂರರಿಂದ ಎಂಟು ದಿನಗಳಲ್ಲೇ ತೀವ್ರ ಜ್ವರ, ತಲೆನೋವಿನೊಂದಿಗೆ ಶುರುವಾಗುತ್ತದೆ. ಎರಡಕ್ಕೂ ಬೇರೆ ಬೇರೆ ರಕ್ತ ಪರೀಕ್ಷೆ. ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ, ಯಾವ ದಿನ ಯಾವ ದಾರಿಯಲ್ಲಿ ಹೋದಿರಿ, ಎಲ್ಲಿ ಇಳಿದು ಕುಳಿತಿರಿ, ರಾತ್ರಿ ಎಲ್ಲಾದರೂ ತಂಗಿದ್ದಿರಾ ಎಂಬುದನ್ನೆಲ್ಲ ವೈದ್ಯರಿಗೆ ಹೇಳಿ. ಪ್ರವಾಸದ ತಾರೀಕನ್ನು ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿಟ್ಟರೆ ಆಗ ಲೆಕ್ಕ ಹೇಳುವುದು ಸುಲಭ.